ಆಂಪ್‌ಗೆ ಮಿಡಿ ಫುಟ್ ಕಂಟ್ರೋಲರ್ ಆರಿಸುವುದು: ಪೆಡಲ್ ಅಂಗಡಿಗೆ ಹೋಗುವ ಮುಂಚೆ ಆಂಪಿನ ಬೆನ್ನು ನೋಡಿ

"ಪೆಡಲ್ ಬಂತು, ಕೇಬಲ್ ಹಾಕಿದೆ, ಒತ್ತಿದೆ. ಪೆಡಲಿನ ದೀಪ ಹತ್ತಿತು. ಆಂಪ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ."

ಗಿಟಾರ್ ನುಡಿಸುವ ಗೆಳೆಯರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಿಡಿ ಅಂದರೆ ಸಂಗೀತದ ಯಂತ್ರಗಳು ಒಂದಕ್ಕೊಂದು ಆಜ್ಞೆ ಕಳಿಸುವ ಭಾಷೆ. ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪಿಗೆ (ಆಂಪ್ಲಿಫೈಯರ್) ಕಾಲಲ್ಲಿ ಒತ್ತಿ ಆ ಆಜ್ಞೆ ಕಳಿಸುವ ಪೆಡಲೇ ಮಿಡಿ ಫುಟ್ ಕಂಟ್ರೋಲರ್. ಆಂಪ್ ಬೇರೆ ಬೇರೆ, ಪೆಡಲ್ ಬೇರೆ ಬೇರೆ, ತಪ್ಪು ಮಾತ್ರ ಒಂದೇ. ಮೊದಲು ಪೆಡಲ್ ಕೊಳ್ಳುತ್ತಾರೆ, ಆಮೇಲೆ ಆಂಪಿನ ಹಿಂದೆ ಏನಿದೆ ಅಂತ ನೋಡುತ್ತಾರೆ. ನಾನೂ ಹಾಗೇ ಮಾಡಿದವನು. ನನ್ನ ಮೊದಲ ಕಂಟ್ರೋಲರ್‌ಗೆ ಇದ್ದದ್ದು ಯುಎಸ್‌ಬಿ ಮಾತ್ರ, ಆಂಪಿಗೆ ಇದ್ದದ್ದು ದುಂಡನೆಯ ಐದು ಪಿನ್ನಿನ ಸಾಕೆಟ್ ಮಾತ್ರ. ಆರು ತಿಂಗಳು ಅದು ಕಪಾಟಿನಲ್ಲೇ ಕೂತಿತ್ತು. "ಆ ಮಿಡಿ ಡಬ್ಬ ಇನ್ನೂ ಯಾಕೆ ಇಟ್ಕೊಂಡಿದ್ದೀಯ" ಅಂತ ಅಮ್ಮ ಕೇಳುತ್ತಿದ್ದಳು. ಅವಳ ಪ್ರಕಾರ ಮಿಡಿ ಅಂದರೆ ಉಪ್ಪಿನಕಾಯಿಗೆ ಹಾಕುವುದು.

ಆದ್ದರಿಂದ ಈ ಬರಹದಲ್ಲಿ ಹಂತಗಳ ಕ್ರಮವೇ ಮುಖ್ಯ. ಮೊದಲ ಮೂರು ಹಂತ ಮುಗಿಯುವವರೆಗೆ ಯಾವ ಪೆಡಲಿನ ಬೆಲೆಯನ್ನೂ ನೋಡಬೇಡಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಆಂಪಿನ ಮ್ಯಾನುಯಲ್ (ಕಳೆದುಹೋಗಿದ್ದರೆ ಕಂಪನಿಯ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ), ಟಾರ್ಚ್, ಅಳತೆ ಟೇಪು, ಹಳೆಯ ರಟ್ಟಿನ ಡಬ್ಬ, ಏಳೆಂಟು ಸೋಡಾ ಮುಚ್ಚಳ, ಕಾಗದ, ಪೆನ್ಸಿಲ್. ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಲ್ಯಾಪ್‌ಟಾಪ್ ಮತ್ತು ಸಣ್ಣ ಯುಎಸ್‌ಬಿ ಮಿಡಿ ಇಂಟರ್ಫೇಸ್ ಇದ್ದರೆ ಇನ್ನೂ ಒಳ್ಳೆಯದು, ಯಾಕೆ ಅನ್ನುವುದು 7ನೇ ಹಂತದಲ್ಲಿ ಗೊತ್ತಾಗುತ್ತದೆ. ಸೋಡಾ ಮುಚ್ಚಳ ತಮಾಷೆಗೆ ಹೇಳಿದ್ದಲ್ಲ.

1. ಆಂಪಿನ ಹಿಂಬದಿ ಓದಿ

ಟಾರ್ಚ್ ಹಿಡಿದು ಹಿಂದೆ ಕೂತು, ಪ್ರತಿ ಸಾಕೆಟ್ಟಿನ ಕೆಳಗೆ ಏನು ಬರೆದಿದೆ ಅಂತ ಓದಿ. ಸಾಕೆಟ್ಟಿನ ಆಕಾರ ನೋಡಿ ತೀರ್ಮಾನ ಮಾಡಬೇಡಿ, ಬರಹ ನೋಡಿ.

"ಮಿಡಿ ಇನ್" ಅಂತ ಬರೆದಿರುವ ಐದು ಪಿನ್ನಿನ ದುಂಡನೆಯ ಸಾಕೆಟ್ ಇದ್ದರೆ ನಿಮ್ಮ ಕೆಲಸ ಸುಲಭ. ಮಾರ್ಷಲ್ ಜೆವಿಎಂ 410, ಹ್ಯೂಸ್ ಅಂಡ್ ಕೆಟ್ನರ್ ಗ್ರಾಂಡ್‌ಮೈಸ್ಟರ್, ಡೀಜಲ್ ವಿಎಚ್4 ಇಂಥವು ಈ ಗುಂಪಿನವು. ಪಕ್ಕದಲ್ಲಿ "ಥ್ರೂ" ಅಂತ ಇನ್ನೊಂದು ಸಾಕೆಟ್ ಇರಬಹುದು. ಅದು ಬಂದ ಸಂದೇಶವನ್ನು ಮುಂದಿನ ಯಂತ್ರಕ್ಕೆ ದಾಟಿಸುತ್ತದೆ. ಪೆಡಲನ್ನು ಅದಕ್ಕೆ ಚುಚ್ಚಿದರೆ ಏನೂ ಆಗುವುದಿಲ್ಲ. ಕೆಡುವುದೂ ಇಲ್ಲ, ಕೆಲಸವೂ ಇಲ್ಲ. ಕತ್ತಲ ವೇದಿಕೆಯಲ್ಲಿ ಈ ತಪ್ಪು ಎಲ್ಲರೂ ಒಮ್ಮೆ ಮಾಡುತ್ತಾರೆ.

"ಫುಟ್‌ಸ್ವಿಚ್" ಅಂತ ಮಾತ್ರ ಬರೆದಿದ್ದರೆ ಅದು ಮಿಡಿ ಅಲ್ಲ. ಕಾಲು ಇಂಚಿನ ಜಾಕ್ ಇದ್ದರೆ ಗೊಂದಲ ಆಗುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ಕೆಲವು ಆಂಪ್‌ಗಳು ತಮ್ಮದೇ ಫುಟ್‌ಸ್ವಿಚ್‌ಗೆ ಮಿಡಿಯಂಥದ್ದೇ ದುಂಡನೆಯ ಡಿನ್ ಸಾಕೆಟ್ ಕೊಟ್ಟಿರುತ್ತವೆ. ಕೇಬಲ್ ಸರಿಯಾಗಿ ಕೂರುತ್ತದೆ, ಆದರೆ ಆ ಪಿನ್ನುಗಳಲ್ಲಿ ಹರಿಯುವುದು ಬೇರೆಯೇ. ಎಚ್ಚರಿಕೆ: "ಮಿಡಿ" ಅನ್ನುವ ಪದ ಕಣ್ಣಿಗೆ ಬೀಳದ ಡಿನ್ ಸಾಕೆಟ್ಟಿಗೆ ಮಿಡಿ ಪೆಡಲ್ ಚುಚ್ಚಬೇಡಿ. ಎರಡರಲ್ಲಿ ಒಂದು ಸುಟ್ಟುಹೋಗಬಹುದು.

ಯುಎಸ್‌ಬಿ ಮಾತ್ರ ಇದ್ದರೆ? ಬಾಸ್ ಕಟಾನಾ 50 ಕಾಂಬೋ ಇದಕ್ಕೆ ಉದಾಹರಣೆ, ಅದಕ್ಕೆ ಐದು ಪಿನ್ನಿನ ಸಾಕೆಟ್ ಇಲ್ಲ. ಯುಎಸ್‌ಬಿಯಲ್ಲಿ ಯಾವಾಗಲೂ ಒಬ್ಬ ಯಜಮಾನ, ಒಬ್ಬ ಆಳು ಇರಬೇಕು. ಯಜಮಾನನಿಗೆ ಹೋಸ್ಟ್ ಅನ್ನುತ್ತಾರೆ. ಆಂಪ್ ಆಳು, ಮಾಮೂಲಿ ಮಿಡಿ ಪೆಡಲೂ ಆಳು. ಇಬ್ಬರು ಆಳುಗಳನ್ನು ಒಂದು ಕೇಬಲ್ಲಿನಲ್ಲಿ ಕಟ್ಟಿದರೆ ಇಬ್ಬರೂ ಸುಮ್ನೆ ಕೂತಿರುತ್ತಾರೆ. ನಡುವೆ ಒಂದು ಕಂಪ್ಯೂಟರ್ ಬೇಕು, ಇಲ್ಲವೇ ಯುಎಸ್‌ಬಿ ಹೋಸ್ಟ್ ಡಬ್ಬಿ ಬೇಕು, ಇಲ್ಲವೇ ಪೆಡಲಿನಲ್ಲೇ ಹೋಸ್ಟ್ ಸೌಲಭ್ಯ ಇರಬೇಕು. ಪೆಡಲಿನ ವಿವರದಲ್ಲಿ "ಯುಎಸ್‌ಬಿ ಮಿಡಿ" ಅಂತ ಇದ್ದರೆ ಸಾಲದು, "ಹೋಸ್ಟ್" ಅನ್ನುವ ಪದ ಹುಡುಕಿ.

ಆಂಪಿಗೆ ಮಿಡಿಯೇ ಇಲ್ಲ, ಬರೀ ಚಾನೆಲ್ (ಆಂಪಿನ ಸೌಂಡಿನ ಬಗೆ) ಬದಲಿಸುವ ಜಾಕ್ ಇದೆ ಅಂದರೂ ದಾರಿ ಇದೆ. ಮಿಡಿ ಸಂದೇಶ ಬಂದಾಗ ಸ್ವಿಚ್ ಒತ್ತುವ ರಿಲೇ ಡಬ್ಬಿಗಳು ಸಿಗುತ್ತವೆ. ಬೆಹ್ರಿಂಗರ್ ಎಫ್‌ಸಿಬಿ1010ನಂಥ ಕೆಲವು ಪೆಡಲುಗಳಲ್ಲಿ ಅಂಥ 2 ರಿಲೇ ಜಾಕ್ ಒಳಗೇ ಇವೆ. ಆದರೆ ನಿಮಗೆ ಬೇಕಾದ್ದು ಎರಡೇ ಚಾನೆಲ್ ಆದರೆ ಇಷ್ಟೆಲ್ಲ ಯಾಕೆ? ಆಂಪಿನ ಜೊತೆ ಬಂದ ಫುಟ್‌ಸ್ವಿಚ್ ಸಾಕು. ಈ ಬರಹವನ್ನು ಇಲ್ಲೇ ನಿಲ್ಲಿಸಿ ಅಭ್ಯಾಸಕ್ಕೆ ಹೋಗಿ.

2. ಆಂಪಿಗೆ ಯಾವ ಮಾತು ಅರ್ಥವಾಗುತ್ತದೆ ಅಂತ ತಿಳಿಯಿರಿ

ಸಾಕೆಟ್ ಇದ್ದ ಮಾತ್ರಕ್ಕೆ ಆಂಪ್ ಎಲ್ಲ ಮಿಡಿ ಸಂದೇಶಗಳಿಗೂ ಓಗೊಡುವುದಿಲ್ಲ. ಮ್ಯಾನುಯಲ್ಲಿನ ಕೊನೆಯ ಪುಟಗಳಲ್ಲಿ ಮಿಡಿ ಪಟ್ಟಿ ಇರುತ್ತದೆ. ಅಲ್ಲಿ ಮೂರು ವಿಷಯ ಹುಡುಕಿ.

ಒಂದು, ಪ್ರೋಗ್ರಾಂ ಚೇಂಜ್. "5ನೇ ನಂಬರಿನ ಸೌಂಡ್ ತೆಗೆ" ಅನ್ನುವ ಆಜ್ಞೆ ಇದು. ಒಟ್ಟು 128 ನಂಬರುಗಳು. ಎರಡು, ಕಂಟ್ರೋಲ್ ಚೇಂಜ್. "ರಿವರ್ಬ್ (ದೊಡ್ಡ ಹಾಲಿನಂಥ ಗುಂಗು) ಆನ್ ಮಾಡು", "ವಾಲ್ಯೂಮ್ ಇಷ್ಟಕ್ಕೆ ಇಡು" ಅನ್ನುವಂಥ ಬಿಡಿ ಆಜ್ಞೆಗಳು. ಇದರಲ್ಲಿ ಎರಡು ಅಂಕಿ ಇರುತ್ತವೆ: ಯಾವ ಕಂಟ್ರೋಲು, ಅದನ್ನು ಎಷ್ಟಕ್ಕೆ ಇಡಬೇಕು. ಎರಡೂ 0ರಿಂದ 127ರ ಒಳಗೆ. ಮೂರು, ಮಿಡಿ ಚಾನೆಲ್, 1ರಿಂದ 16.

ಇಲ್ಲಿ ಒಂದು ಪದದ ಗೊಂದಲ ಬಹಳ ಜನರನ್ನು ಕೆಡವುತ್ತದೆ. ಆಂಪಿನ ಚಾನೆಲ್ ಬೇರೆ, ಮಿಡಿ ಚಾನೆಲ್ ಬೇರೆ. ಕ್ಲೀನ್ (ಶುದ್ಧ ಸೌಂಡ್), ಕ್ರಂಚ್ (ಸ್ವಲ್ಪ ಒರಟು), ಲೀಡ್ (ಸೋಲೊಗೆ ಪೂರ್ತಿ ಒರಟು) ಇವು ಆಂಪಿನ ಚಾನೆಲ್. ಮಿಡಿ ಚಾನೆಲ್ ಮನೆ ನಂಬರಿನ ಹಾಗೆ, ಪತ್ರ ಯಾವ ಯಂತ್ರಕ್ಕೆ ಅಂತ ಹೇಳುತ್ತದೆ ಅಷ್ಟೆ. ಲೀಡ್ ಸೌಂಡಿಗೆ ಅಂತ ಪೆಡಲಿನ ಮಿಡಿ ಚಾನೆಲ್ಲನ್ನು 3ಕ್ಕೆ ಇಟ್ಟು, ಆಂಪ್ ಯಾಕೆ ಕೇಳುತ್ತಿಲ್ಲ ಅಂತ ಎರಡು ದಿನ ತಲೆ ಕೆಡಿಸಿಕೊಂಡವರನ್ನು ನಾನು ಬಲ್ಲೆ.

ಆಂಪ್ ಏನನ್ನು ನೆನಪಿಟ್ಟುಕೊಳ್ಳುತ್ತದೆ ಅನ್ನುವುದೂ ಇದೇ ಹಂತದಲ್ಲಿ ಗೊತ್ತಾಗಬೇಕು. ಜೆವಿಎಂ 410ರಲ್ಲಿ 4 ಚಾನೆಲ್, ಒಂದೊಂದಕ್ಕೂ 3 ಮೋಡ್. ಪ್ರೋಗ್ರಾಂ ನಂಬರ್ ಬಂದಾಗ ಅದು ಚಾನೆಲ್, ಮೋಡ್, ಯಾವ ಮಾಸ್ಟರ್ (ಒಟ್ಟು ವಾಲ್ಯೂಮ್), ರಿವರ್ಬ್ ಇದೆಯೋ ಇಲ್ಲವೋ, ಎಫೆಕ್ಟ್ಸ್ ಲೂಪ್ (ಹೊರಗಿನ ಎಫೆಕ್ಟ್ ಪೆಡಲುಗಳನ್ನು ಸೇರಿಸುವ ದಾರಿ) ಇದೆಯೋ ಇಲ್ಲವೋ ಇವನ್ನು ಮಾತ್ರ ತೆಗೆದುಕೊಡುತ್ತದೆ. ಗೇನ್, ಬಾಸ್, ಟ್ರೆಬಲ್ ಗುಂಡಿಗಳು ನೀವು ತಿರುಗಿಸಿಟ್ಟ ಜಾಗದಲ್ಲೇ. ಗ್ರಾಂಡ್‌ಮೈಸ್ಟರ್ ಡೀಲಕ್ಸ್ 40 ಹಾಗಲ್ಲ. ಅದು ಗುಂಡಿಗಳ ಸ್ಥಾನವನ್ನೂ ಸೇರಿಸಿ 128 ಪ್ರೀಸೆಟ್ (ಹೊಂದಿಸಿಟ್ಟ ಸೌಂಡ್) ಉಳಿಸುತ್ತದೆ. ಮೊದಲನೆಯದಕ್ಕೆ ಆರೇಳು ಸ್ವಿಚ್ಚಿದ್ದರೂ ನಡೆಯುತ್ತದೆ. ಎರಡನೆಯದಕ್ಕೆ ಹಾಡಿಗೊಂದು ಬ್ಯಾಂಕ್ (ಸೌಂಡುಗಳ ಗುಂಪು) ಮಾಡುವ ಆಸೆ ಹುಟ್ಟುತ್ತದೆ, ಆಗ ಡಿಸ್‌ಪ್ಲೇ ಇರುವ ಪೆಡಲೇ ಬೇಕು.

ಇನ್ನೊಂದು ಬಲೆ. ಕೆಲವರು ಪ್ರೋಗ್ರಾಮುಗಳನ್ನು 1ರಿಂದ 128 ಅಂತ ಎಣಿಸುತ್ತಾರೆ, ಕೆಲವರು 0ಯಿಂದ 127 ಅಂತ. ಪೆಡಲಿನ 5 ಆಂಪಿನಲ್ಲಿ 6 ಆಗಿ ಬಂದರೆ ಯಾವುದೂ ಕೆಟ್ಟಿಲ್ಲ, ಎಣಿಕೆ ಬೇರೆ ಅಷ್ಟೆ. ಆಂಪ್ ಹೇಗೆ ಎಣಿಸುತ್ತದೆ ಅಂತ ಈಗಲೇ ಕಾಗದದಲ್ಲಿ ಬರೆದಿಡಿ.

3. ಹಾಡುಗಳ ಪಟ್ಟಿ ಬರೆದು ಸ್ವಿಚ್ ಎಣಿಸಿ

ಎಷ್ಟು ಸ್ವಿಚ್ ಬೇಕು ಅಂತ ಕೇಳಿದರೆ ಎಲ್ಲರೂ "ಜಾಸ್ತಿ ಇದ್ದಷ್ಟೂ ಒಳ್ಳೇದು ಅಲ್ವಾ?" ಅನ್ನುತ್ತಾರೆ. ಅಲ್ಲ. ಹತ್ತು ಸ್ವಿಚ್ಚಿನ ಪೆಡಲಿನಲ್ಲಿ ನಾಲ್ಕನ್ನು ಮಾತ್ರ ಒತ್ತುವವರೇ ಜಾಸ್ತಿ. ಉಳಿದ ಆರು ತಪ್ಪಿ ತುಳಿಯುವುದಕ್ಕೆ ಇರುತ್ತವೆ.

ನೀವು ನುಡಿಸುವ ಹತ್ತು ಹಾಡು ಬರೆಯಿರಿ. ಪ್ರತಿ ಹಾಡಿನ ಮುಂದೆ ಎಲ್ಲೆಲ್ಲಿ ಸೌಂಡ್ ಬದಲಾಗುತ್ತದೆ ಅಂತ ಗುರುತು ಹಾಕಿ. ನನ್ನ ಪಟ್ಟಿ ಹೀಗಿತ್ತು: ಕ್ಲೀನ್, ಕ್ರಂಚ್, ಲೀಡ್, ಡಿಲೇ (ಪ್ರತಿಧ್ವನಿ) ಇರುವ ಲೀಡ್. ಅಲ್ಲಿಗೆ ನಾಲ್ಕು. ಇದರ ಜೊತೆ ಟ್ಯಾಪ್ ಟೆಂಪೊ (ತಾಳಕ್ಕೆ ಒತ್ತಿ ಡಿಲೇ ವೇಗ ಹೊಂದಿಸುವುದು) ಒಂದು, ಟ್ಯೂನ್ ಮಾಡುವಾಗ ಸದ್ದು ನಿಲ್ಲಿಸಲು ಒಂದು. ಆರು ಆಯಿತು. ಹತ್ತು ಹಾಡಿನಲ್ಲಿ ಏಳನೆಯದು ಬೇಕಾದ ಜಾಗ ಒಂದೂ ಸಿಗಲಿಲ್ಲ.

ಎಣಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ. ಒಂದು ಹಾಡಿಗೆ ಬೇಕಾದ ಎಲ್ಲ ಸೌಂಡೂ ಒಂದೇ ಪುಟದಲ್ಲಿರಬೇಕು. ಪೆಡಲಿನಲ್ಲಿ ಬ್ಯಾಂಕ್ ಮೇಲೆ, ಬ್ಯಾಂಕ್ ಕೆಳಗೆ ಅಂತ ಪುಟ ತಿರುಗಿಸುವ ಸ್ವಿಚ್ ಇರುತ್ತದೆ. ಎರಡು ಹಾಡಿನ ನಡುವೆ ಅದನ್ನು ಒತ್ತಿ, ತೊಂದರೆ ಇಲ್ಲ. ಪಲ್ಲವಿ ಮುಗಿದು ಸೋಲೊ ಶುರುವಾಗುವ ಅರ್ಧ ಸೆಕೆಂಡಿನಲ್ಲಿ ಪುಟ ತಿರುಗಿಸಲು ಹೋದರೆ ಸೋಲೊ ಕ್ಲೀನ್ ಸೌಂಡಿನಲ್ಲೇ ಶುರುವಾಗುತ್ತದೆ.

ವಾಹ್ ("ವಾ ವಾ" ಅನ್ನಿಸುವ ಎಫೆಕ್ಟ್) ಅಥವಾ ವಾಲ್ಯೂಮನ್ನು ಕಾಲಿನಲ್ಲಿ ಏರಿಸಿ ಇಳಿಸಬೇಕೇ? ಹೌದಾದರೆ ಎಕ್ಸ್‌ಪ್ರೆಷನ್ ಪೆಡಲ್ ಬೇಕು. ಅದಕ್ಕೂ ಮುಂಚೆ 2ನೇ ಹಂತದ ಕಾಗದ ನೋಡಿ. ನಿಮ್ಮ ಆಂಪ್ ಕಂಟ್ರೋಲ್ ಚೇಂಜ್ ಕೇಳದಿದ್ದರೆ ಎಕ್ಸ್‌ಪ್ರೆಷನ್ ಪೆಡಲಿಗೆ ಹಾಕಿದ ದುಡ್ಡು ದಂಡ.

4. ರಟ್ಟಿನ ಪೆಡಲ್ ಮಾಡಿ ತುಳಿಯಿರಿ

ನೋಡಿದವರು ನಗುತ್ತಾರೆ, ನಗಲಿ. ಕೊಳ್ಳಬೇಕೆಂದಿರುವ ಪೆಡಲಿನ ಉದ್ದ ಅಗಲ ನೋಡಿ ಅದೇ ಅಳತೆಗೆ ರಟ್ಟು ಕತ್ತರಿಸಿ. ಸ್ವಿಚ್ ಇರುವ ಕಡೆ ಸೋಡಾ ಮುಚ್ಚಳ ಅಂಟಿಸಿ. ನೆಲದ ಮೇಲಿಟ್ಟು, ಗಿಟಾರ್ ಹಾಕಿಕೊಂಡು, ಹಾಡು ಹೇಳುತ್ತಾ ಒತ್ತಿ. ಕೆಳಗೆ ನೋಡದೆ ಒತ್ತಿ.

ವೇದಿಕೆಗೆ ಹಾಕುವ ಶೂ ಹಾಕಿಯೇ ಪರೀಕ್ಷೆ ಮಾಡಬೇಕು. ಶೂ ಮುಂಭಾಗದ ಅಗಲ ಸುಮಾರು 10 ಸೆಂಟಿಮೀಟರ್ ಇರುತ್ತದೆ. ಎರಡು ಸ್ವಿಚ್ಚಿನ ನಡುವೆ 6 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಒಂದನ್ನು ಒತ್ತಲು ಹೋಗಿ ಎರಡನ್ನು ಒತ್ತುತ್ತೀರಿ. ಎರಡು ಸಾಲಿನ ಪೆಡಲಾದರೆ ಹಿಂದಿನ ಸಾಲು ಎತ್ತರದಲ್ಲಿದೆಯೇ ನೋಡಿ. ಸಮತಟ್ಟಾಗಿದ್ದರೆ ಹಿಂದಿನದಕ್ಕೆ ಕಾಲು ಚಾಚುವಾಗ ಹಿಮ್ಮಡಿ ಮುಂದಿನದನ್ನು ಒತ್ತುತ್ತದೆ.

ನಮ್ಮ ಕಡೆ ಇನ್ನೊಂದು ಪರೀಕ್ಷೆಯೂ ಬೇಕು. ಗಣೇಶೋತ್ಸವದ ಪೆಂಡಾಲು, ದೇವಸ್ಥಾನದ ಜಾತ್ರೆಯ ವೇದಿಕೆ, ಇಲ್ಲೆಲ್ಲ ಚಪ್ಪಲಿ ಕೆಳಗೆ ಬಿಟ್ಟೇ ಹತ್ತಬೇಕು. ಬರಿಗಾಲಲ್ಲಿ ಗಟ್ಟಿ ಸ್ಪ್ರಿಂಗಿನ ಲೋಹದ ಸ್ವಿಚ್ಚನ್ನು ಎರಡು ಗಂಟೆ ಒತ್ತಿದರೆ ಬೆರಳು ಬಾತುಕೊಳ್ಳುತ್ತದೆ. ಅಂಥ ಕಾರ್ಯಕ್ರಮ ಜಾಸ್ತಿ ಇದ್ದರೆ ಮೆತ್ತನೆಯ ಸ್ವಿಚ್ ಇರುವುದನ್ನು ಆರಿಸಿ, ಅಥವಾ ಸ್ವಿಚ್ಚಿನ ಮೇಲೆ ಕೂರಿಸುವ ಅಗಲದ ಪ್ಲಾಸ್ಟಿಕ್ ಟೊಪ್ಪಿ ತನ್ನಿ.

5. ಕರೆಂಟ್ ಎಲ್ಲಿಂದ ಬರುತ್ತದೆ

ಜನ ಕಡೆಗಣಿಸುವ ಹಂತ ಇದು, ಸುಟ್ಟ ವಾಸನೆ ಬರುವುದೂ ಇಲ್ಲೇ.

ಸಣ್ಣ ಕಂಟ್ರೋಲರ್‌ಗಳು ಸಾಮಾನ್ಯವಾಗಿ 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಉಳಿದ ಗಿಟಾರ್ ಪೆಡಲುಗಳ ಹಾಗೇ. ಆದರೆ ಅವುಗಳಿಗಿಂತ ಹೆಚ್ಚು ಮಿಲಿಆಂಪ್ (ಕರೆಂಟಿನ ಅಳತೆ) ಎಳೆಯುತ್ತವೆ, ಯಾಕೆಂದರೆ ಡಿಸ್‌ಪ್ಲೇ ಇದೆ, ದೀಪಗಳಿವೆ. ಪೆಡಲಿನ ಹಿಂದೆ ಬರೆದಷ್ಟು ಮಿಲಿಆಂಪನ್ನು ನಿಮ್ಮ ಸಪ್ಲೈನ ಒಂದೇ ಔಟ್‌ಪುಟ್ ಕೊಡಬೇಕು. ಕಡಿಮೆಯಾದರೆ ಪೆಡಲ್ ಆನ್ ಆಗುತ್ತದೆ, ಆಮೇಲೆ ಎಲ್ಲ ದೀಪ ಒಟ್ಟಿಗೆ ಹತ್ತಿದಾಗ ರೀಸ್ಟಾರ್ಟ್ ಆಗುತ್ತದೆ.

ಕೆಲವು ಆಂಪ್‌ಗಳು ಮಿಡಿ ಕೇಬಲ್ಲಿನಲ್ಲೇ ಪೆಡಲಿಗೂ ಕರೆಂಟ್ ಕಳಿಸುತ್ತವೆ. ಇದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ಹ್ಯೂಸ್ ಅಂಡ್ ಕೆಟ್ನರ್ ತನ್ನ ಆಂಪ್‌ಗಳಿಗೆ ಮಾಡಿರುವ ಎಫ್‌ಎಸ್‌ಎಂ 432 ಪೆಡಲ್ ಹೀಗೇ ನಡೆಯುತ್ತದೆ. ವೇದಿಕೆಯಲ್ಲಿ ಒಂದೇ ವೈರು, ದೊಡ್ಡ ನೆಮ್ಮದಿ. ಆದರೆ ಇದು ಎಲ್ಲ ಕಂಪನಿಗಳಲ್ಲೂ ಒಂದೇ ಥರ ಇಲ್ಲ. ವೋಲ್ಟೇಜ್, ಪಿನ್, ಎಸಿಯೋ ಡಿಸಿಯೋ, ಎಲ್ಲವೂ ಬದಲಾಗುತ್ತವೆ. ಒಂದು ಕಂಪನಿಯ ಫ್ಯಾಂಟಮ್ಮಿಗೆ ಇನ್ನೊಂದು ಕಂಪನಿಯ ಪೆಡಲ್ ಸೇರಿಸುವ ಮುಂಚೆ ಎರಡೂ ಮ್ಯಾನುಯಲ್ ಪಕ್ಕಪಕ್ಕ ಇಟ್ಟು ಓದಿ.

ಎಫ್‌ಸಿಬಿ1010ನಂಥ ದೊಡ್ಡ ಪೆಡಲುಗಳಿಗೆ ಗೋಡೆಯ ಕರೆಂಟೇ ಬೇಕು. ಅಮೆರಿಕದಿಂದ ಯಾರಾದರೂ ತಂದುಕೊಟ್ಟದ್ದಾದರೆ ಹಿಂದಿನ ಲೇಬಲ್ ಓದದೆ ಚುಚ್ಚಬೇಡಿ. ಅಲ್ಲಿನದು 120 ವೋಲ್ಟ್, ನಮ್ಮದು 230. ಎಚ್ಚರಿಕೆ: ಒದ್ದೆ ನೆಲ, ಬರಿಗಾಲು, ಜನರೇಟರ್, ಅರ್ತಿಂಗ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್ ಇವೆಲ್ಲ ಒಟ್ಟಿಗೆ ಇರುವ ಕಡೆ ಕಾಲಡಿಯಲ್ಲಿ 230 ವೋಲ್ಟಿನ ಪೆಡಲ್ ಇಡಬೇಡಿ. ಗಿಟಾರ್ ತಂತಿ ಮುಟ್ಟಿದಾಗ ಚುರುಕ್ ಅಂದರೆ ನುಡಿಸುವುದು ನಿಲ್ಲಿಸಿ, ಅರ್ತಿಂಗ್ ಸರಿಮಾಡಿಸಿ.

6. ಕೇಬಲ್

ಮಿಡಿ ಓಡುವುದು ಡಿನ್ ಪ್ಲಗ್ಗಿನ 4 ಮತ್ತು 5ನೇ ಪಿನ್ನಿನಲ್ಲಿ, ಶೀಲ್ಡ್ 2ರಲ್ಲಿ. 1 ಮತ್ತು 3 ಖಾಲಿ. ಫ್ಯಾಂಟಮ್ ಪವರ್ ಇದ್ದರೆ ಆ ಖಾಲಿ ಪಿನ್ನುಗಳನ್ನು ಬಳಸುವುದುಂಟು. ಹಾಗಾಗಿ ಮೂರೇ ವೈರಿನ ಅಗ್ಗದ ಕೇಬಲ್ಲಿನಲ್ಲಿ ಸಂದೇಶ ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಹಳೆಯ ಟೇಪ್ ರೆಕಾರ್ಡರಿನ ಡಿನ್ ಕೇಬಲ್ ನೋಡಲು ಇದರ ಹಾಗೇ ಇದ್ದರೂ ಒಳಗಿನ ವೈರಿಂಗ್ ಬೇರೆ ಇರಬಹುದು. ಮಲ್ಟಿಮೀಟರಿನಲ್ಲಿ ಒಂದೊಂದೇ ಪಿನ್ ನೋಡಿ, ಎರಡು ನಿಮಿಷದ ಕೆಲಸ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಪ್ಲಗ್ ಮತ್ತು ವೈರು ಕೊಂಡು ಬೇಕಾದ ಉದ್ದಕ್ಕೆ ನೀವೇ ಬೆಸುಗೆ ಹಾಕಿಕೊಳ್ಳಬಹುದು. ಉದ್ದ 15 ಮೀಟರ್ ದಾಟಬಾರದು.

ಸಣ್ಣ ಪೆಡಲುಗಳಲ್ಲಿ ಡಿನ್ ಬದಲು ಇಯರ್‌ಫೋನ್ ಜಾಕಿನಂಥ ಟಿಆರ್‌ಎಸ್ ಸಾಕೆಟ್ ಇರುತ್ತದೆ. ಇದರಲ್ಲಿ ಎ ಮತ್ತು ಬಿ ಅಂತ ಎರಡು ಬಗೆ, ವೈರು ಅದಲುಬದಲು. 2018ರಲ್ಲಿ ಮಿಡಿ ಅಸೋಸಿಯೇಷನ್ ಎ ಬಗೆಯನ್ನು ಒಪ್ಪಿಕೊಂಡಿತು. ಆದರೂ ಅದಕ್ಕಿಂತ ಹಳೆಯ ಬಿ ಬಗೆಯವು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಓಡಾಡುತ್ತಿವೆ. ಪೆಡಲಿನ ಬಗೆ ನೋಡಿಕೊಂಡೇ ಅಡಾಪ್ಟರ್ ತನ್ನಿ. ತಪ್ಪಿದರೆ ಏನೂ ಕೆಡುವುದಿಲ್ಲ, ಆದರೆ ಏನೂ ನಡೆಯುವುದೂ ಇಲ್ಲ.

7. ಈಗ ಅಂಗಡಿಗೆ ಹೋಗಿ

ಕೈಯಲ್ಲಿ ಕಾಗದ ಇದೆ: ಸಾಕೆಟ್ ಯಾವುದು, ಆಂಪ್ ಏನು ಕೇಳುತ್ತದೆ, ಸ್ವಿಚ್ ಎಷ್ಟು, ಅಗಲ ಎಷ್ಟು, ಕರೆಂಟ್ ಹೇಗೆ. ಆಯ್ಕೆ ತಾನಾಗಿಯೇ ಎರಡು ಮೂರಕ್ಕೆ ಇಳಿದಿರುತ್ತದೆ.

ಪ್ರೋಗ್ರಾಂ ನಂಬರ್ ಬದಲಿಸಿದರೆ ಸಾಕು ಅನ್ನುವವರಿಗೆ ಟೆಕ್ 21 ಕಂಪನಿಯ ಮಿಡಿ ಮೌಸ್‌ನಂಥ 3 ಸ್ವಿಚ್ಚಿನ ಸಣ್ಣ ಪೆಡಲ್ ಸಾಕು. ಅದು 9 ವೋಲ್ಟ್ ಬ್ಯಾಟರಿಯಲ್ಲೂ ಓಡುತ್ತದೆ. ಆಂಪಿನ ಜೊತೆ ಮಿಡಿ ಇರುವ ಡಿಲೇ, ರಿವರ್ಬ್ ಪೆಡಲುಗಳೂ ಇದ್ದರೆ ಒಂದು ಒತ್ತಿಗೆ ಹಲವು ಸಂದೇಶ ಕಳಿಸುವುದು ಬೇಕು. ಸಿಂಗಪುರದ ಮಾರ್ನಿಂಗ್‌ಸ್ಟಾರ್ ಕಂಪನಿಯ ಎಂಸಿ6 ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ತೆರೆಯ ಮೇಲೆ ನೋಡುತ್ತಾ ಹೊಂದಿಸಬಹುದು. ಎಫ್‌ಸಿಬಿ1010 ದೊಡ್ಡದು, ಭಾರ, ಆದರೆ 10 ಸ್ವಿಚ್ ಮತ್ತು 2 ಎಕ್ಸ್‌ಪ್ರೆಷನ್ ಪೆಡಲ್ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಅದನ್ನು ಕಾಲಿನಲ್ಲೇ ಪ್ರೋಗ್ರಾಂ ಮಾಡಬೇಕಾದರೆ ತಾಳ್ಮೆ ಬೇಕು. ಒಂದು ಭಾನುವಾರ ಪೂರ್ತಿ ಅದಕ್ಕೇ ಎತ್ತಿಡಿ.

ಬ್ಲೂಟೂತ್ ಪೆಡಲುಗಳ ಬಗ್ಗೆ ನನ್ನ ಅಭಿಪ್ರಾಯ ಬೇಕಾದರೆ ಹೇಳುತ್ತೇನೆ: ಮನೆಯ ಅಭ್ಯಾಸಕ್ಕೆ, ಟ್ಯಾಬ್ಲೆಟ್ಟಿನ ಜೊತೆಗೆ ಚೆನ್ನ. ಆಂಪಿನ ಹಿಂದೆ ಬ್ಲೂಟೂತ್ ಮಿಡಿ ರಿಸೀವರ್ ಸಿಕ್ಕಿಸಿ ನೂರಾರು ಮೊಬೈಲು ಇರುವ ಸಭೆಯಲ್ಲಿ ನುಡಿಸಲು ನನಗಂತೂ ಧೈರ್ಯವಿಲ್ಲ.

ಅಂಗಡಿಯಲ್ಲಾಗಲಿ ಸೆಕೆಂಡ್ ಹ್ಯಾಂಡ್ ಆಗಲಿ, ದುಡ್ಡು ಕೊಡುವ ಮುಂಚೆ ಲ್ಯಾಪ್‌ಟಾಪಿಗೆ ಸೇರಿಸಿ ನೋಡಿ, ಪೆಡಲಿಗೆ ಯುಎಸ್‌ಬಿ ಇಲ್ಲದಿದ್ದರೆ ಆ ಮಿಡಿ ಇಂಟರ್ಫೇಸ್ ಮೂಲಕ. ವಿಂಡೋಸಿನಲ್ಲಿ ಮಿಡಿ-ಆಕ್ಸ್‌ನಂಥ ತಂತ್ರಾಂಶ ಪೆಡಲ್ ಕಳಿಸುವ ಪ್ರತಿ ಸಂದೇಶವನ್ನೂ ತೆರೆಯ ಮೇಲೆ ತೋರಿಸುತ್ತದೆ. ಒಂದೊಂದು ಸ್ವಿಚ್ಚನ್ನೂ ಇಪ್ಪತ್ತು ಸಲ ಒತ್ತಿ. ಇಪ್ಪತ್ತೇ ಸಾಲು ಬರಬೇಕು. ಇಪ್ಪತ್ತಮೂರು ಬಂದರೆ ಸ್ವಿಚ್ ಸವೆದಿದೆ, ಒಂದು ಒತ್ತನ್ನು ಎರಡು ಅಂತ ಕಳಿಸುತ್ತಿದೆ. ಎಕ್ಸ್‌ಪ್ರೆಷನ್ ಪೆಡಲನ್ನು ಹಿಮ್ಮಡಿಯಿಂದ ತುದಿಗೆ ನಿಧಾನಕ್ಕೆ ಒತ್ತಿ. ಅಂಕಿ 0ಯಿಂದ 127ಕ್ಕೆ ಜಿಗಿಯದೆ ಏರಬೇಕು. ಕಾಲು ತೆಗೆದ ಮೇಲೂ ಅಂಕಿ 63, 64, 63 ಅಂತ ಕುಣಿಯುತ್ತಿದ್ದರೆ ಆ ಪೆಡಲನ್ನು ಅಲ್ಲೇ ಬಿಟ್ಟು ಬನ್ನಿ.

8. ಮನೆಯಲ್ಲಿ ಮೊದಲ ಜೋಡಣೆ

ವಾಲ್ವ್ ಆಂಪಾದರೆ (ಒಳಗೆ ಗಾಜಿನ ಟ್ಯೂಬ್ ಇರುವುದು) ಸ್ಪೀಕರ್ ಸೇರಿಸದೆ ಆನ್ ಮಾಡಬೇಡಿ. ಮಿಡಿ ಪರೀಕ್ಷೆಗೆ ಸ್ಪೀಕರ್ ಯಾಕೆ ಅನ್ನಿಸಬಹುದು, ಆದರೆ ಸ್ಪೀಕರಿನ ಲೋಡ್ ಇಲ್ಲದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಎರಡೂ ಆಫ್ ಇರುವಾಗ ಪೆಡಲಿನ ಔಟ್‌ನಿಂದ ಆಂಪಿನ ಇನ್‌ಗೆ ಕೇಬಲ್ ಹಾಕಿ. ವಾಲ್ಯೂಮ್ ಕಡಿಮೆ ಇಟ್ಟು ಆನ್ ಮಾಡಿ.

ಪೆಡಲ್, ಆಂಪ್ ಎರಡನ್ನೂ ಮಿಡಿ ಚಾನೆಲ್ 1ಕ್ಕೆ ಇಡಿ. ಒಂದೇ ಒಂದು ಸ್ವಿಚ್ಚಿಗೆ ಒಂದು ಪ್ರೋಗ್ರಾಂ ನಂಬರ್ ಕೊಡಿ. ಆಂಪಿನಲ್ಲಿ ಕ್ಲೀನ್ ಸೌಂಡ್ ಇಟ್ಟು ಆ ನಂಬರಿಗೆ ಉಳಿಸಿ. ಜೆವಿಎಂನಲ್ಲಾದರೆ ಉಳಿಸುವ ಬಟನ್ ಒತ್ತಿ, ದೀಪ ಮಿನುಗುವಾಗ ಪೆಡಲ್ ತುಳಿದರೆ ಆಯಿತು. ಆಮೇಲೆ ಕೈಯಿಂದ ಲೀಡ್‌ಗೆ ಹೋಗಿ, ಪೆಡಲ್ ಒತ್ತಿ. ಕ್ಲೀನ್‌ಗೆ ಬಂತೇ? ಬಂದ ಮೇಲೆ ಎರಡನೆಯ ಸ್ವಿಚ್ಚಿಗೆ ಹೋಗಿ. ಎಲ್ಲ ಸ್ವಿಚ್ಚನ್ನೂ ಒಟ್ಟಿಗೆ ಹೊಂದಿಸಿ ಆಮೇಲೆ ಪರೀಕ್ಷಿಸಲು ಹೋದರೆ ತಪ್ಪು ಎಲ್ಲಿದೆ ಅಂತ ಹುಡುಕುವುದರಲ್ಲಿ ರಾತ್ರಿ ಕಳೆಯುತ್ತದೆ. ಕಂಟ್ರೋಲ್ ಚೇಂಜ್, ಎಕ್ಸ್‌ಪ್ರೆಷನ್ ಇವೆಲ್ಲ ಕೊನೆಗೆ.

9. ಏನು ಕೆಟ್ಟಿದೆ ಅಂತ ಗುರುತಿಸುವುದು

ದೀಪ ಹತ್ತುತ್ತದೆ, ಆಂಪ್ ಬದಲಾಗುವುದಿಲ್ಲ: ಮೊದಲು ಮಿಡಿ ಚಾನೆಲ್, ಆಮೇಲೆ ಇನ್-ಥ್ರೂ ಅದಲುಬದಲು, ಆಮೇಲೆ ಕೇಬಲ್. ಇದೇ ಕ್ರಮದಲ್ಲಿ ನೋಡಿ.

ಪಕ್ಕದ ಸೌಂಡ್ ಬರುತ್ತದೆ: 0 ಮತ್ತು 1ರ ಎಣಿಕೆ.

ಒಂದು ಸಲ ಒತ್ತಿದರೆ ಆನ್, ಆಫ್ ಆಗಲು ಎರಡು ಸಲ ಒತ್ತಬೇಕು: ಪೆಡಲ್ ಪ್ರತಿ ಒತ್ತಿಗೂ 127, 0 ಅಂತ ಸರದಿಯಲ್ಲಿ ಕಳಿಸುತ್ತಿದೆ, ಎದುರಿನ ಯಂತ್ರ ಪ್ರತಿ ಸಲವೂ 127ನ್ನೇ ಕಾಯುತ್ತಿದೆ. ಪೆಡಲಿನಲ್ಲಿ ಟಾಗಲ್ (ಹೀಗೆ ಸರದಿಯಲ್ಲಿ ಕಳಿಸುವುದು) ಇರುವುದನ್ನು ಮೊಮೆಂಟರಿ (ಪ್ರತಿ ಒತ್ತಿಗೂ 127) ಮಾಡಿ ನೋಡಿ.

ಆಂಪ್ ತಾನಾಗಿಯೇ ಬದಲಾಗುತ್ತದೆ: ಎಕ್ಸ್‌ಪ್ರೆಷನ್ ಪೆಡಲ್ ಕುಣಿಯುತ್ತಿರಬಹುದು. ಅದನ್ನು ಕಿತ್ತು ನೋಡಿ. ಆಗಲೂ ನಿಲ್ಲದಿದ್ದರೆ ಯಾವುದೋ ಯಂತ್ರದ ಔಟ್ ಸುತ್ತು ಹಾಕಿ ಪೆಡಲಿನ ಇನ್‌ಗೆ ವಾಪಸ್ ಬರುತ್ತಿದೆ.

ಪೆಡಲ್ ಸೇರಿಸಿದ ಕೂಡಲೇ ಗುಂಯ್ ಅನ್ನುವ ಸದ್ದು: ಮಿಡಿ ಕೇಬಲ್ಲನ್ನು ಬೈಯಬೇಡಿ. ಡಿನ್ ಮಿಡಿ ಇನ್‌ಪುಟ್ಟಿನಲ್ಲಿ ಸಂದೇಶ ಬೆಳಕಿನ ಮೂಲಕ ದಾಟುತ್ತದೆ, ಎರಡು ಯಂತ್ರಗಳ ನಡುವೆ ವಿದ್ಯುತ್ ಸಂಪರ್ಕ ಇರುವುದಿಲ್ಲ. ಸದ್ದು ಬರುವುದು ಪವರ್ ಸಪ್ಲೈನಿಂದ ಅಥವಾ ಯುಎಸ್‌ಬಿಯಿಂದ. ಪೆಡಲಿಗೆ ಬೇರೆ ಅಡಾಪ್ಟರ್ ಹಾಕಿ ನೋಡಿ.

ಸೌಂಡ್ ಬದಲಾಗುವಾಗ ನಡುವೆ ಕ್ಷಣ ಮೌನ: ಇದಕ್ಕೂ ಕೇಬಲ್ ಕಾರಣವಲ್ಲ. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಪ್ರೋಗ್ರಾಂ ಚೇಂಜ್ ಮುಟ್ಟಲು ಒಂದು ಮಿಲಿಸೆಕೆಂಡ್ ಕೂಡ ಬೇಡ. ತಡ ಆಗುತ್ತಿರುವುದು ಆಂಪಿನ ಒಳಗೆ, ಪ್ರೀಸೆಟ್ ತೆರೆಯುವಾಗ. ಬೇರೆ ಪೆಡಲ್ ಕೊಂಡರೂ ಅದು ಹೋಗುವುದಿಲ್ಲ.

ಎಲ್ಲ ಸರಿಯಾದ ದಿನವೇ ಪೆಡಲಿನ ಸೆಟ್ಟಿಂಗನ್ನು ಲ್ಯಾಪ್‌ಟಾಪಿಗೆ ಬ್ಯಾಕಪ್ ತೆಗೆಯಿರಿ. ಪ್ರತಿ ಸ್ವಿಚ್ಚಿನ ನಂಬರ್ ಬರೆದ ಕಾಗದದ ಫೋಟೊ ಮೊಬೈಲಿನಲ್ಲಿರಲಿ, ಇನ್ನೊಂದು ಪ್ರತಿ ಆಂಪಿನ ಹಿಂಬದಿಗೆ ಟೇಪಿನಲ್ಲಿ ಅಂಟಿಸಿ. ಚೀಲದಲ್ಲಿ ಇನ್ನೊಂದು ಮಿಡಿ ಕೇಬಲ್ ಇಟ್ಟುಕೊಳ್ಳಿ. ಆಂಪಿನ ಜೊತೆ ಬಂದ ಹಳೆಯ ಫುಟ್‌ಸ್ವಿಚ್ಚನ್ನೂ ಮಾರಬೇಡಿ, ಅದೂ ಚೀಲದಲ್ಲೇ ಇರಲಿ.